ಕಂಬದ ಹಿಂದಿನ ಚೆಂಡು

"ಓಯ್ತು! ನಾಲೆಗೇ ಓಯ್ತು!"

ಶಿವರಂಜನಿ ಬೀಸಿ ಹೊಡೆದ ಚೆಂಡು ಹಳ್ಳಿಮೈಸೂರಿನ ನಾಲೆಗೆ ಬಿದ್ದು, ಸೇತುವೆಯ ಕೆಳಗೆ ನುಸುಳಿತು. ಹುಡುಗರೆಲ್ಲ ಬಟ್ಟೆ ಒಗೆಯುವ ಮೆಟ್ಟಿಲಿನತ್ತ ಓಟ ಕಿತ್ತರು. ತೇಲಿಬಂದ ಚೆಂಡನ್ನು ಅಲ್ಲಿ ಹಿಡಿಯುವುದು ಅವರ ವಾಡಿಕೆ.

ಚೆಂಡಿನ ಒಡೆಯ ರಜನೀಶ ಓಡುತ್ತಲೇ ಕೂಗಿದ: "ಬಾಲ್ ಸಿಗ್ನಿಲ್ಲ ಅಂದ್ರೆ ನಾಳೆ ಮ್ಯಾಚಿಗೆ ನೀನಿಲ್ಲ ಕಣೇ!"

ಶಿವರಂಜನಿ ಬ್ಯಾಟು ಬಿಸುಟು ತಾನೂ ಓಡಿದಳು. ಟೀಮಿಗೆ ಸೇರಲು ಬೇಸಿಗೆಯಿಡೀ ಬರೀ ಚೆಂಡು ಹೆಕ್ಕಿದ್ದಳು.

ಚೆಂಡು ಮೆಟ್ಟಿಲಿಗೆ ಬರಲೇ ಇಲ್ಲ. ಹಾಗಾದರೆ ಎಲ್ಲಿ?

ಅವಳು ಸೇತುವೆಯಿಂದ ಬಗ್ಗಿ ನೋಡಿದಳು. ಅಬ್ಬಾ! ನೀರೆಲ್ಲ ಮುಂದೋಡುತ್ತಿದ್ದರೆ, ಚೆಂಡು ಮಾತ್ರ ಕಂಬದ ಬೆನ್ನಿಗೆ ಅಂಟಿಕೊಂಡು ಗಿರಗಿರ ಸುತ್ತುತ್ತಿತ್ತು.

ಹುಲ್ಲಿನ ಬುಟ್ಟಿ, ಹಗ್ಗ ಹೊತ್ತು ಬಂದ ಲಕ್ಕಮ್ಮಜ್ಜಿ ಗದರಿದಳು. "ನೀರಿಗಿಳಿದ್ರೆ ಕಾಲು ಮುರ್ದೇನು! ತಕ, ಮಂಕ್ರಿಗೆ ಅಗ್ಗ ಕಟ್ಟಿ ಬಿಡು."

ಹುಡುಗರೊಂದಿಗೆ ಓಡಿಬಂದ ರಜನೀಶ, ಅವಳು ಹಗ್ಗ ಕಟ್ಟಿದ್ದ ಬುಟ್ಟಿಯನ್ನು ಕಸಿದುಕೊಂಡು ಚೆಂಡಿನ ಮೇಲೆಯೇ ಇಳಿಬಿಟ್ಟ. ಎಡಗಡೆಯಿದ್ದ ಚೆಂಡು ಬಲಕ್ಕೆ ಜಾರಿತು. ಬಲಕ್ಕೆ ಎಸೆದ. ಎಡಕ್ಕೆ ಜಾರಿತು!

"ಥೂ, ಆಟ ಆಡುಸ್ತದಲ್ಲಾ!"

ಶಿವರಂಜನಿ ಮಾತ್ರ ನೀರನ್ನೇ ನೋಡುತ್ತಿದ್ದಳು. ಕಂಬದ ಎಡಕ್ಕೊಂದು ಸುಳಿ ಹುಟ್ಟಿ, ಬೆಳೆದು, ಕಳಚಿಕೊಂಡು ತೇಲಿಹೋಯಿತು. ಕೂಡಲೇ ಬಲಕ್ಕೊಂದು ಹುಟ್ಟಿತು. ಅದೂ ಹೋಯಿತು. ಮತ್ತೆ ಎಡಕ್ಕೆ. ಪ್ರತಿ ಸಲವೂ ಚೆಂಡು ಹೊಸ ಸುಳಿಯ ಕಡೆಗೆ ಜಾರಿ, ಕಂಬದಿಂದ ಇನ್ನಷ್ಟು ದೂರ ಸರಿಯುತ್ತಿತ್ತು. ಇನ್ನೊಂದು ಸುಳಿ ಎಳೆದರೆ ಮುಗಿಯಿತು!

"ಇತ್ಲಾಗ್ ಕೊಡೋ!"

ಹಗ್ಗ ಕಿತ್ತುಕೊಂಡು, ಬುಟ್ಟಿಯನ್ನು ಖಾಲಿಯಿದ್ದ ಬಲಗಡೆ ಮುಳುಗಿಸಿದಳು.

"ಏಯ್, ಬಾಲ್ ಅಲ್ಲೈತೆ! ಕಣ್ ಕಾಣಾಕಿಲ್ವಾ?"

"ಸುಮ್ಕಿರು."

ಹುಡುಗರು ಗೊಳ್ಳೆಂದರು. ಚೆಂಡು ಎಡದ ಸುಳಿಯಲ್ಲಿ ತೂಗಿತು, ತಡೆಯಿತು. ಅವಳು ಬುಟ್ಟಿಯನ್ನು ಕದಲಿಸಲಿಲ್ಲ. ಎಡದ ಸುಳಿ ಕಳಚಿತು. ಚೆಂಡು ತೇಲುತ್ತ ಬಲಕ್ಕೆ, ನೇರವಾಗಿ ಬುಟ್ಟಿಯ ಮೇಲಕ್ಕೇ ಬಂದಿತು.

ಎಳೆದಳು! ನೀರು ಸೋರುವ ಮಂಕರಿಯೊಳಗೆ ಹಸಿರು ಚೆಂಡು ಕುಳಿತಿತ್ತು.

"ಅದೆಂಗೆ ಗೊತ್ತಾಯ್ತೇ ನಿಂಗೆ?" ರಜನೀಶ ಬಾಯಿ ಬಿಟ್ಟುಕೊಂಡು ಕೇಳಿದ. ಅವಳು ಚೆಂಡನ್ನು ಅವನತ್ತ ಎಸೆದಳು. ಅವನು ಅದನ್ನು ಅಂಗಿಗೆ ಒರೆಸಿ, "ನಾಳೆ ಎಂಟ್ ಗಂಟೆಗೆ ಬಂದ್ಬುಡು" ಎಂದ.

ಎಲ್ಲರೂ ಹೊರಟರು. ಶಿವರಂಜನಿ ಇನ್ನೂ ಬಗ್ಗಿಯೇ ನಿಂತಿದ್ದಳು. ಕೆಳಗೆ ಹೊಂಗೆಯ ಎಲೆಯೊಂದು ತೇಲಿಬಂದು ಕಂಬದ ಹಿಂದೆ ಸಿಕ್ಕಿಕೊಂಡಿತು. ಅದು ಬಲಕ್ಕೆ ಹೊರಳುವ ಮೊದಲೇ, ಅವಳ ಕಣ್ಣು ಬಲಕ್ಕೆ ಹೊರಳಿತ್ತು.