ಸಾಕು ಅನ್ನುವವರೆಗೆ

ಅವತ್ತು ಅವನು ಬಂದಿದ್ದು ಊಟಕ್ಕೆ. ಸಾಲಿನಲ್ಲಿ ನಿಲ್ಲಲು ನಾಚಿಕೆಯಾಗಿ ಅಡುಗೆಮನೆಯ ಹಿಂಬಾಗಿಲಲ್ಲಿ ಸುಳಿದಾಡುತ್ತಿದ್ದಾಗ ಒಳಗಿನಿಂದ ಹೆಣ್ಣುದನಿಯೊಂದು ಗದರಿತು.

"ಇಷ್ಟು ಹೊತ್ತಿಗಾ ಬರೋದು? ಬೇಗ ಕೈ ತೊಳ್ಕೊಳ್ಳಿ. ಈರುಳ್ಳಿ ನಿಮ್ಮನ್ನ ಕಾದು ಕಾದು ತಾನೇ ಅಳೋಕೆ ಶುರು ಮಾಡಿದೆ."

ಅಂದು ಬರಬೇಕಿದ್ದ ಹೊಸ ಸಹಾಯಕ ಇವನೇ ಎಂದು ಅವಳು ತಿಳಿದಿದ್ದಳು. ಅಲ್ಲ ಅನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಇತ್ತ ತಿರುಗಿದಳು. ಮೂಗಿನ ತುದಿಯಲ್ಲಿ ಹಿಟ್ಟು, ಹಣೆಯಲ್ಲಿ ಬೆವರು, ಕಣ್ಣಲ್ಲಿ ಸಿಟ್ಟಿಗಿಂತ ನಗುವೇ ಜಾಸ್ತಿ. ಅವನ ಬಾಯಿ ತೆರೆದ ಹಾಗೇ ಮುಚ್ಚಿಕೊಂಡಿತು. ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಅಮ್ಮನನ್ನು ಬಿಟ್ಟರೆ ಅವನಿಗಾಗಿ ಯಾರೂ ಕಾದಿರಲಿಲ್ಲ, ಈರುಳ್ಳಿ ಕೂಡ. ಅವನು ಕೈ ತೊಳೆದುಕೊಂಡ.

ಅದು ಹಳೆಯ ಗೋದಾಮು. ಆ ಬಡಾವಣೆಯ ಮೂರು ಧರ್ಮಗಳ ಹಿರಿಯರು ಸೇರಿ ಹಸಿದವರಿಗೆಂದು ನಡೆಸುತ್ತಿದ್ದ ಅಡುಗೆಮನೆ. ಸಾಲಿನಲ್ಲಿ ಎಲ್ಲ ದೇವರ ಮಕ್ಕಳೂ ಇದ್ದರು, ದೇವರ ಸಹವಾಸವೇ ಬೇಡ ಅಂದವರೂ ಇದ್ದರು. ಯಾರು, ಯಾವ ಪೈಕಿ ಅಂತ ಕೇಳುವ ಹಾಗಿರಲಿಲ್ಲ. ಇದ್ದದ್ದು ಒಂದೇ ನಿಯಮ: ಉಣ್ಣುವವರು "ಸಾಕು" ಅನ್ನುವವರೆಗೆ ಬಡಿಸುವವರು ಸೌಟು ನಿಲ್ಲಿಸಬಾರದು. ಆ ನಿಯಮ ತಂದವಳು ಅವಳೇ. ಒಲೆಯಿಂದ ಬಾಗಿಲವರೆಗೆ ಎಲ್ಲರ ಮೇಲೂ ಜೋರು ಮಾಡುತ್ತಿದ್ದಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಮೇಸ್ತ್ರಿ. ಕಾರ್ಖಾನೆಯ ಕೆಲಸ ಹೋದರೂ ಹೆಸರು ಹೋಗಲಿಲ್ಲವಾಗಿ ಇವನು ಫಿಟ್ಟರ್.

ಮರುದಿನವೂ ಬಂದ. ಅದರ ಮರುದಿನವೂ. ಬಂದವನು ಸುಮ್ಮನೆ ಕೂರಲಿಲ್ಲ, ಗ್ಯಾಸ್ ಒಲೆಯ ಬರ್ನರ್ ಬಿಚ್ಚಿ ರಿಪೇರಿ ಮಾಡಿದ. ಕೆಲವರು ಗೇಟಿನವರೆಗೂ ಬಂದು, ಇಣುಕಿ ನೋಡಿ, ಹಾಗೇ ವಾಪಸ್ ಹೋಗುವುದನ್ನು ಮೊದಲು ಗಮನಿಸಿದವನೂ ಅವನೇ.

"ಮಾಂಸದ ಪಾತ್ರೆಗೂ ತರಕಾರಿ ಪಾತ್ರೆಗೂ ಒಂದೇ ಸೌಟು ಹಾಕ್ತೀವಲ್ಲ ಮೇಸ್ತ್ರಿ, ಅದಕ್ಕೇ ಹೋಗ್ತಾರೆ."

"ಹಸಿವಿಗಿಂತ ಸೌಟು ದೊಡ್ಡದಾ?"

"ಮನಸ್ಸು ಒಪ್ಪದ ತುತ್ತು ಗಂಟಲಲ್ಲಿ ಇಳಿಯಲ್ಲ. ನಮ್ಮಮ್ಮನೂ ಹಾಗೇ."

ಅವಳು ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳು. ಆ ನೋಟ ತಡೆಯಲಾರದೆ ಅವನು ತನ್ನ ಟೂಲ್‌ಬಾಕ್ಸ್ ತೆಗೆದು, ವಯರಿಗೆ ಸುತ್ತುವ ಟೇಪನ್ನು ಸೌಟುಗಳ ಹಿಡಿಗೆ ಸುತ್ತತೊಡಗಿದ. ಮಾಂಸಕ್ಕೆ ಕೆಂಪು, ತರಕಾರಿಗೆ ನೀಲಿ. ಒಲೆ ಬೇರೆ, ಪಾತ್ರೆ ಬೇರೆ, ತೊಳೆಯುವ ತೊಟ್ಟಿಯೂ ಬೇರೆ. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ವಾಪಸ್ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಎಲ್ಲರಿಗಿಂತ ಮೊದಲು ಬಂದದ್ದು ಸ್ಟೀಲ್ ಡಬ್ಬಿ ಹಿಡಿದ ಬಡಕಲು ಅಜ್ಜಿ. ನೀಲಿ ಪಾತ್ರೆಯದು ಬಿಟ್ಟರೆ ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ.

"ಬುದ್ಧಿ ಇದೆ ನಿಮಗೆ," ಅಂದಳು ಮೇಸ್ತ್ರಿ ಆ ದಿನ. "ಮುಖ ನೋಡಿದ್ರೆ ಹಾಗನ್ಸಲ್ಲ."

ಸಾಲು ಮುಗಿದ ಮೇಲೆ ಸಹಾಯಕರೆಲ್ಲ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಅವನು ಮಾತ್ರ ಚಪ್ಪಲಿ ಮೆಟ್ಟುತ್ತಿದ್ದ. "ಬರ್ತೀನಿ, ಅಮ್ಮ ಅಡುಗೆ ಮಾಡಿಟ್ಟು ಕಾಯ್ತಿರ್ತಾಳೆ."

"ಏನಂತೆ ಇವತ್ತು?" ಮೇಸ್ತ್ರಿ ಕೇಳುತ್ತಿದ್ದಳು.

"ಬದನೆಕಾಯಿ ಸುಟ್ಟು, ಮೊಸರು ಕಲಸಿ..." ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ಹೇಳುವಾಗ ತನ್ನ ಬಾಯಲ್ಲೇ ನೀರೂರುತ್ತಿತ್ತು.

"ಅಬ್ಬಾ! ನಿಮ್ಮಮ್ಮನ್ನೇ ಮದುವೆ ಆಗ್ಬಿಡ್ಲಾ ಅನ್ಸುತ್ತೆ."

"ಅವಳ ಮಗನೂ ಖಾಲಿ ಇದಾನೆ."

ಮಾತು ಜಾರಿ ಬಿದ್ದ ಮೇಲೆ ಅವನ ಕಿವಿ ಕೆಂಪಾಯಿತು. ಅವಳು ನಗಲಿಲ್ಲ. ಸೆರಗಿನ ತುದಿಯಿಂದ ಹಣೆ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡಳು, ಒಂದು ಕಣ್ಣನ್ನು ಮಾತ್ರ ಹೊರಗೆ ಬಿಟ್ಟು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದದ್ದೇನೋ ನಿಜ. ಅಡುಗೆ ಮಾತ್ರ ಸುಳ್ಳು. ಅಲ್ಲೊಂದು ಇಲ್ಲೊಂದು ಪಂಪ್ ರಿಪೇರಿಯಿಂದ ಸಿಕ್ಕಿದ್ದರಲ್ಲಿ ತಂದ ಹಿಟ್ಟನ್ನು ನೀರಿಗೆ ಕದಡಿ, ಕುದಿಸಿ, ಇಬ್ಬರೂ ಕುಡಿದು ಮಲಗುತ್ತಿದ್ದರು. ನಿಜ ಹೇಳಿಬಿಡಬೇಕು ಅಂತ ಅವನು ದಿನಾ ಅಂದುಕೊಳ್ಳುತ್ತಿದ್ದ. ಆದರೆ ಪಕ್ಕದಲ್ಲಿ ನಿಂತು ಬಡಿಸುವವನನ್ನು ನೋಡುವ ಆ ಕಣ್ಣು, ತಟ್ಟೆ ಹಿಡಿದು ಎದುರಿಗೆ ನಿಂತವನನ್ನೂ ಹಾಗೇ ನೋಡೀತೇ? ಅದೊಂದು ಭಯಕ್ಕೆ ಅವನು ಪರಿಮಳದ ಮಧ್ಯೆ ನಿಂತು ಉಪವಾಸ ಬೀಳುತ್ತಿದ್ದ.

ಒಂದು ಮಧ್ಯಾಹ್ನ ಅವಳು ಸೌಟು ತೊಳೆಯುತ್ತಾ, ಅವನ ಕಡೆ ನೋಡದೆ ಹೇಳಿದಳು. "ನಾಳೆ ಕೆಲಸ ಮುಗಿದ ಮೇಲೆ ನಿಮ್ಮನೆಗೆ ಊಟಕ್ಕೆ ಬರ್ತೀನಿ. ನಿಮ್ಮಮ್ಮನ ಹತ್ರ ಒಂದು ಮಾತು ಕೇಳೋದಿದೆ."

"ಏನು ಮಾತು?"

"ನಿಮ್ಮನ್ನ ಕೇಳೋದಾಗಿದ್ರೆ ಇಲ್ಲೇ ಕೇಳ್ತಿದ್ದೆ."

ಅವನ ಎದೆ ಹಿಗ್ಗಿತು, ಮರುಕ್ಷಣವೇ ಕುಸಿಯಿತು. ಮನೆಯಲ್ಲಿ ಒಂದು ಹಿಡಿ ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಬಡಿಸುವ ಮೊದಲು, ಅವಳು ಬಾಗಿಲಲ್ಲಿ ಸಾಲು ಸರಿಮಾಡುತ್ತಿದ್ದಾಗ, ಅವನು ನೀಲಿ ಪಾತ್ರೆಯಿಂದ ದೊಡ್ಡ ಕ್ಯಾರಿಯರ್ ತುಂಬಿಕೊಂಡ. ಅಮ್ಮನಿಗೆ ಸಹಾಯ ಮಾಡಬೇಕು ಅಂತ ಹೇಳಿ ಬೇಗ ಹೊರಟ. ಇಷ್ಟು ದೊಡ್ಡ ಪಾತ್ರೆಯಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡ.

ಅವಳು ಬಂದಳು. ತಲೆ ನೀಟಾಗಿ ಬಾಚಿದ್ದಳು, ಮೂಗಿನ ಮೇಲೆ ಹಿಟ್ಟಿರಲಿಲ್ಲ. ಆದರೆ ಮುಖ ಬಾಡಿತ್ತು.

"ಇವತ್ತು ಏನಾಯ್ತೋ, ಸಾಲು ಮುಗಿಯೋ ಮೊದಲೇ ನೀಲಿ ಪಾತ್ರೆ ತಳ ಕಂಡ್ತು," ಅಂದಳು ಕೂರುತ್ತಾ. "ಡಬ್ಬಿ ಅಜ್ಜಿ ಕೊನೇಲಿದ್ರು. ಕೆಂಪು ಪಾತ್ರೇಲಿ ಬೇಕಾದಷ್ಟಿತ್ತು, ಅದರಿಂದ ಹೇಗೆ ಕೊಡ್ಲಿ? 'ಪರವಾಗಿಲ್ಲ ಮಗಳೇ, ನಂಗೆ ಅಭ್ಯಾಸ ಇದೆ' ಅಂತ ಹೋಗೇಬಿಟ್ರು. ಸಾಕು ಅಂತ ಅವರಲ್ಲ, ನಾನು ಹೇಳ್ಬೇಕಾಯ್ತು."

ಅವನು ನೀರಿನ ಲೋಟ ಅವಳ ಮುಂದಿಟ್ಟ. ಆ ಕ್ಷಣ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅಮ್ಮ ತಟ್ಟೆ ತಂದಿಟ್ಟಳು.

ಮೇಸ್ತ್ರಿ ಮೊದಲ ತುತ್ತು ಬಾಯಿಗಿಟ್ಟಳು. ಆ ಬೆಳಿಗ್ಗೆ ನೀಲಿ ಪಾತ್ರೆಯ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಒಂಚೂರು ಸೀದುಹೋಗಿ ತನ್ನನ್ನು ತಾನೇ ಬೈದುಕೊಂಡಿದ್ದಳು. ಅದೇ ಸೀದ ರುಚಿ. ಅಡುಗೆಯವರಿಗೆ ತಮ್ಮ ಕೈ ಗೊತ್ತಾಗದೆ ಇರುತ್ತದೆಯೇ? ಅವಳು ನಿಧಾನವಾಗಿ ಅಗಿದಳು. ತಣ್ಣಗಿದ್ದ ಒಲೆಯನ್ನು ನೋಡಿದಳು, ಖಾಲಿ ಡಬ್ಬಗಳನ್ನು ನೋಡಿದಳು. ಅವನನ್ನು ನೋಡಲಿಲ್ಲ.

"ನಿಮ್ಮ ಕೈರುಚಿ ಚೆನ್ನಾಗಿದೆ ಅಮ್ಮಾ."

ಹಾಗೇ ಹೂಂ ಅನ್ನು ಅಂತ ಮಗ ಬೇಡಿಕೊಂಡಿದ್ದ. ಆ ತಾಯಿಗೆ ಆಗಲಿಲ್ಲ. "ನನ್ನದಲ್ಲ ಕಣಮ್ಮ. ಇವನು ಎಲ್ಲಿಂದಲೋ ತಂದಿದ್ದು. ಈ ಮನೇಲಿ ಒಗ್ಗರಣೆ ಸದ್ದು ಕೇಳಿ ತಿಂಗಳುಗಳೇ ಆದವು."

ಮೇಸ್ತ್ರಿ ಸದ್ದಿಲ್ಲದೆ ಎದ್ದಳು. ಕ್ಯಾರಿಯರಿನಲ್ಲಿ ಉಳಿದದ್ದನ್ನು ಅಮ್ಮನ ತಟ್ಟೆಗೆ ಬಡಿಸಿದಳು, ಮತ್ತೆ ಬಡಿಸಿದಳು. "ಸಾಕು" ಅನ್ನಲು ಅಮ್ಮ ತುಂಬಾ ಹೊತ್ತು ತೆಗೆದುಕೊಂಡಳು. ಮಗನಿಗೆ ಅದನ್ನು ನೋಡಲಾಗಲಿಲ್ಲ.

ಬಾಗಿಲ ಹೊರಗೆ ಅವನು ತಲೆ ತಗ್ಗಿಸಿ ನಿಂತ.

"ಮೊದಲ ದಿನ ನೀನು ಬಂದಿದ್ದು ಊಟಕ್ಕಲ್ವಾ?" ಅಂದಳು. ಮೊದಲ ಸಲ ನೀನು ಅಂದಿದ್ದಳು. ಎಂಥ ದಿನ ಅಂದಿದ್ದಳು!

"ಹೂಂ."

"ಏನು ಅಡುಗೆ, ಏನು ಅಡುಗೆ ಅಂತ ದಿನಾ ಕೇಳ್ತಿದ್ದೆ. ಹಸಿದವನನ್ನ ಎದುರಿಗೆ ನಿಲ್ಲಿಸ್ಕೊಂಡು ನಗ್ತಿದ್ದೆ. ನನ್ನ ಕೈಲಿ ಎಂಥಾ ಪಾಪ ಮಾಡಿಸ್ದೆ ನೀನು!"

"ಗೊತ್ತಾದ್ರೆ ನೀವು ನನ್ನ ಹಾಗೆ ನೋಡಲ್ಲ ಅನ್ಸಿತ್ತು."

"ಸಾಲಲ್ಲಿ ನಿಂತವರನ್ನ ನಾನು ಹೇಗೆ ನೋಡ್ತೀನಿ ಅಂತ ಪಕ್ಕದಲ್ಲೇ ನಿಂತು ನೋಡಿದೀಯಲ್ಲ. ಆಮೇಲೂ ನಂಬಿಕೆ ಬರಲಿಲ್ವಾ? ಒಂದು ಮಾತು ಹೇಳಿದ್ರೆ ಸಾಕಿತ್ತು. ಮೊದಲು ಅಮ್ಮನಿಗೆ, ಆಮೇಲೆ ನಿಂಗೆ, ಎಲ್ಲರಿಗಿಂತ ಮೊದಲು ಬಡಿಸ್ತಿದ್ದೆ. ಅಜ್ಜೀನ ಬರಿಗೈಲಿ ಕಳಿಸ್ಬಿಟ್ಟೆ ನಾನು."

"ಅಮ್ಮನ ಹತ್ರ ಏನೋ ಕೇಳ್ಬೇಕು ಅಂದಿದ್ರಿ..."

"ನಿನ್ನನ್ನ ನಂಗೆ ಕೊಡಿ ಅಂತ ಕೇಳೋಕೆ ಬಂದಿದ್ದೆ," ಅಂದಳು ಅವಳು. "ಈಗ ಬೇಡ." ಹಿಂದಿರುಗಿ ನೋಡದೆ ಹೋದಳು.

ಮತ್ತೆ ಅಡುಗೆಮನೆಗೆ ಹೋಗಲು ಅವನಿಗೆ ಕಾಲು ಬರಲಿಲ್ಲ. ಅಜ್ಜಿಯೂ ಆಮೇಲೆ ಅಲ್ಲಿಗೆ ಬಂದಿಲ್ಲ ಅಂತ ಕಿವಿಗೆ ಬಿತ್ತು. ಅಷ್ಟರಲ್ಲಿ ಹಳೆಯ ಗೆಳೆಯನೊಬ್ಬ ದೂರದ ಬಂದರಿನಲ್ಲಿ ಹಡಗು ರಿಪೇರಿಯ ಕೆಲಸವಿದೆ, ಕೂಡಲೇ ಬಾ ಅಂದ. ಬರುತ್ತೇನೆ ಅಂದ ಫಿಟ್ಟರ್, ಆದರೆ ಹೊರಡುವ ಮೊದಲು ಸ್ಟೀಲ್ ಡಬ್ಬಿಯ ಅಜ್ಜಿಯನ್ನು ಗಲ್ಲಿ ಗಲ್ಲಿ ಹುಡುಕಿದ. ಕೊನೆಗೆ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಸಿಕ್ಕಳು. ಅವಳ ಪಾಲು ಕದ್ದವನು ತಾನೇ ಎಂದು ಕಾಲ ಬಳಿ ಕೂತು ಹೇಳಿಕೊಂಡ. ಅಜ್ಜಿ ಅವನನ್ನು ದಿಟ್ಟಿಸಿ ನೋಡಿ, "ನೀನಾದ್ರೂ ಹೊಟ್ಟೆ ತುಂಬ ಉಂಡ್ಯಾ?" ಅಂದಳು. ಅವನು ಮಗುವಿನ ಹಾಗೆ ಅತ್ತ.

ಹೊರಡುವ ದಿನ ಮಧ್ಯಾಹ್ನ ಅವನು ಮುಂಬಾಗಿಲಿನಿಂದ ಬಂದ. ಮುಂದೆ ಅಜ್ಜಿ, ಹಿಂದೆ ತಟ್ಟೆ ಹಿಡಿದು ಅವನು. ಎಲ್ಲರ ಎದುರಿಗೆ, ಸಾಲಿನಲ್ಲಿ.

ಮೇಸ್ತ್ರಿ ಅಜ್ಜಿಯನ್ನು ನೋಡಿದಳು. ಅಜ್ಜಿಯ ಹೆಗಲ ಮೇಲಿಂದ ಅವನನ್ನು ನೋಡಿದಳು. ಡಬ್ಬಿ ತುಂಬಿ, ಅಜ್ಜಿ ನಗುತ್ತಾ "ಸಾಕು ಮಗಳೇ" ಅಂದಳು.

ಅವನ ಸರದಿ ಬಂತು. ನೀಲಿ ಟೇಪಿನ ಸೌಟು ಮೇಲೆದ್ದಿತು. ಒಂದು ಸೌಟು. ಇನ್ನೊಂದು. ಅವನು "ಸಾಕು" ಅನ್ನಲಿಲ್ಲ.

"ಎಲ್ಲಿಗೆ?" ಅಂದಳು ಮೆಲ್ಲಗೆ, ಅವನ ಹೆಗಲಲ್ಲಿದ್ದ ಬ್ಯಾಗ್ ನೋಡಿ.

"ಬಂದರಿಗೆ. ಕೆಲಸ ಸಿಕ್ಕಿದೆ. ಅಮ್ಮನೂ ಬರ್ತಾಳೆ. ಸಂಜೆ ಬಸ್ಸು."

ಸೌಟು ಮತ್ತೆ ಪಾತ್ರೆಗಿಳಿಯಿತು. "ಇರು ಅನ್ಲಾ?"

"ಅನ್ಬೇಡಿ. ಅಂದ್ರೆ ಇದ್ದೇಬಿಡ್ತೀನಿ. ಇದ್ರೆ ಅಮ್ಮನ್ನ ಮತ್ತೆ ಅದೇ ಹಿಟ್ಟಿನ ನೀರಲ್ಲೇ ಸಾಯಿಸ್ತೀನಿ."

ಅವಳು ತಲೆಯಾಡಿಸಿದಳು, ಬಡಿಸುವುದು ನಿಲ್ಲಿಸಲಿಲ್ಲ. ಬೇಳೆ ತಟ್ಟೆಯ ಅಂಚಿಗೆ ಬಂತು.

"ಅಯ್ಯೋ, ತುಂಬಿ ಚೆಲ್ತಾ ಇದೆಯಲ್ಲಪ್ಪ!" ಹಿಂದಿನಿಂದ ಯಾರೋ ಕೂಗಿದರು.

"ಸಾಕು ಅನ್ನು," ಅಂದಳು ಅವಳು, ಕಣ್ಣಲ್ಲಿ ನೀರು ನಿಂತಿತ್ತು.

"ಅಂದ್ರೆ ಇಲ್ಲಿಂದ ಹೋಗ್ಬೇಕಲ್ಲ."

ಬಿಸಿ ಬೇಳೆ ಅವನ ಹೆಬ್ಬೆರಳ ಮೇಲೆ ಹರಿಯಿತು. ಅವನು ತಟ್ಟೆ ಅಲುಗಿಸಲಿಲ್ಲ. ಅವಳನ್ನು ಒಮ್ಮೆ ಕಣ್ಣು ತುಂಬ ನೋಡಿದ. ಹಿಟ್ಟು ಮತ್ತೆ ಮೂಗಿನ ತುದಿಯಲ್ಲಿತ್ತು.

"ಸಾಕು," ಅಂದ.

ಅಜ್ಜಿಯ ಪಕ್ಕ ಕೂತು ಒಂದಗುಳೂ ಬಿಡದೆ ಉಂಡ. ಆ ಅಡುಗೆಮನೆಯಲ್ಲಿ ಅದೇ ಅವನ ಮೊದಲ ಊಟ. ತಟ್ಟೆ ತೊಳೆದಿಟ್ಟು, ಬ್ಯಾಗ್ ಹೆಗಲಿಗೇರಿಸಿ, ಬಾಗಿಲಲ್ಲಿ ಒಮ್ಮೆ ತಿರುಗಿದ. ಅವಳು ತಲೆ ಎತ್ತಲಿಲ್ಲ. ಎದುರಿಗಿದ್ದ ಮುದುಕ "ಸಾಕಮ್ಮಾ, ಸಾಕು" ಅನ್ನುತ್ತಲೇ ಇದ್ದ. ಅವಳಿಗೆ ಕೇಳಿಸಲಿಲ್ಲ, ಬಡಿಸುತ್ತಲೇ ಇದ್ದಳು.