ಉಪ್ಪಿಲ್ಲದ ಮಡಕೆ

ಗೋಡೆಯ ಬುಡದ ಕಿಂಡಿಯಿಂದ ಒಂದು ಕೈ ಹೊರಗೆ ಬಂತು.

ಬರೀ ಕೈ. ಮೊಣಕೈವರೆಗೂ ಬೂದಿ. ಅದರ ಹಿಂದೆ ಕತ್ತಲೆ, ಹೊಗೆ, ಎಲ್ಲೋ ಆಳದಲ್ಲಿ ಬೆಂಕಿಯ ಗುಂಯ್ ಎನ್ನುವ ಸದ್ದು. ಯಾಮ್ನಾ ಎರಡು ಹೆಜ್ಜೆ ಹಿಂದೆ ಸರಿದಳು.

"ಮಡಕೆ ಕೊಡಿ," ಎಂದಿತು ಒಳಗಿನ ದನಿ.

"ಯಾ... ಯಾರು?"

"ಹಮಾಮಿನ ಒಲೆಯವನು. ಇಲ್ಲಿ ಇನ್ಯಾರಿರ್ತಾರೆ? ನೀವು ಫಾಧ್ಮಾ ಅಮ್ಮನ ಮಗಳಲ್ವಾ?"

"ಹೇಗೆ ಗೊತ್ತಾಯ್ತು?"

"ಈ ಮಡಕೆ ನೋಡಿ ಗೊತ್ತಾಯ್ತು. ಅಮ್ಮ ಹೋದ್ರು ಅಂತ ಕೇಳ್ದೆ. ದೇವರು ಅವರನ್ನ ಚೆನ್ನಾಗಿಟ್ಟಿರಲಿ."

ನಲವತ್ತು ದಿನದಿಂದ ಊರೆಲ್ಲ ಹೇಳಿದ್ದು ಇದೇ ಮಾತು. ಆದರೆ ಈ ದನಿಯಲ್ಲಿ ಏನಿತ್ತೋ... ಅವಳ ಕಣ್ಣು ತುಂಬಿಬಂತು. ಮಡಕೆ ಕೊಡುವಾಗ ಬೆರಳಿಗೆ ಬೆರಳು ತಾಗಿತು. ಮನುಷ್ಯರ ಕೈ ಇಷ್ಟು ಬಿಸಿ ಇರುತ್ತದೆಯೇ ಎಂದು ಅವಳಿಗೆ ದಾರಿಯುದ್ದಕ್ಕೂ ಅನ್ನಿಸಿತು.

ನಮ್ಮ ಬೆಟ್ಟದೂರು ಅಜ್ರೂವಿನಲ್ಲಿ ಹಿಮ ಬಿದ್ದ ಮೇಲೆ ಬಡವರು ಗ್ಯಾಸ್ ಹಚ್ಚಿ ಕಾಳು ಬೇಯಿಸುವುದಿಲ್ಲ. ಮಧ್ಯಾಹ್ನ ಮಡಕೆಯ ಬಾಯಿಗೆ ಕಾಗದ ಮುಚ್ಚಿ, ದಾರ ಕಟ್ಟಿ, ಹಮಾಮು ಎಂಬ ಊರ ಸ್ನಾನದ ಮನೆಯ ಒಲೆಗೆ ಕೊಡುತ್ತಾರೆ. ಬಿಸಿ ಬೂದಿಯಲ್ಲಿ ಹೂತಿಟ್ಟರೆ ಬೆಳಿಗ್ಗೆಗೆ ಕಲ್ಲಿನಂಥ ಕಾಳೂ ಬೆಣ್ಣೆ. ಒಲೆಯವನು ನೆಲದಡಿ, ಹೆಂಗಸರು ಮೇಲೆ. ಅವನ ಮುಖ ನೋಡಿದ ಹೆಂಗಸು ಆ ಬೀದಿಯಲ್ಲೇ ಇಲ್ಲ.

ಯಾಮ್ನಾಳ ಮಡಕೆಯಲ್ಲಿ ಇದ್ದದ್ದಾದರೂ ಏನು? ಎರಡು ಹಿಡಿ ಒಣ ಅವರೆಯಂಥ ಫೂಲ್ ಕಾಳು, ನಾಲ್ಕೆಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಉಳಿದದ್ದೆಲ್ಲ ನೀರು. ಮಗ್ಗದ ಮೇಲಿನ ಕಂಬಳಿ ಮುಗಿದು ಮಾರಾಟವಾಗುವವರೆಗೆ ಅಷ್ಟೇ.

ಮರುದಿನ ಬೆಳಿಗ್ಗೆ ಮಡಕೆ ಭಾರವಾಗಿತ್ತು.

ಮನೆಗೆ ಬಂದು ನೋಡಿದಳು. ಕೆಂಪು ಉಣ್ಣೆದಾರ ಅವಳದ್ದೇ. ನೇಕಾರರ ಗಂಟು, ಅವಳು ಹಾಕಿದ ಹಾಗೇ ಇದೆ. ಬಿಚ್ಚಿದರೆ... ಒಳಗೆ ಕಡಲೆಕಾಳು, ಗೋಧಿ, ಎಲುಬು ಬಿಟ್ಟು ಬರುವಷ್ಟು ಬೆಂದ ಕುರಿಯ ಕಾಲು. ಅಂಟಂಟು ಗಟ್ಟಿ ಸಾರು.

ಮನೆಯಲ್ಲಿ ಅವಳೊಬ್ಬಳೇ. ಕಿಟಕಿಯಾಚೆ ಮಂಜು. ಅಮ್ಮ ಕೂರುತ್ತಿದ್ದ ಕುರಿತೊಗಲು ಮೂಲೆಯಲ್ಲಿ ಖಾಲಿಯಾಗಿತ್ತು.

ಹೆದರಿಕೆಗಿಂತ ಹಸಿವು ದೊಡ್ಡದು. ಉಂಡಳು. ಚಳಿ ಹಿಡಿದಿದ್ದ ಮೈಯೆಲ್ಲ ಬೆಚ್ಚಗಾಯಿತು. ಆದರೆ ಸಾರಿನಲ್ಲಿ ಒಂದು ಹರಳು ಉಪ್ಪೂ ಇರಲಿಲ್ಲ.

ಎರಡನೇ ದಿನವೂ ಹಾಗೇ. ಮೂರನೇ ದಿನವೂ.

"ಹೊಟ್ಟೆ ತುಂಬ ಉಂಡ್ರಾ?" ಎಂದು ಪ್ರತಿ ಮಧ್ಯಾಹ್ನ ಕಿಂಡಿಯ ದನಿ ಕೇಳುತ್ತಿತ್ತು. ಅವಳು "ಹ್ಞೂಂ" ಎಂದು ಓಡುತ್ತಿದ್ದಳು. ಓಡಿದ ಮೇಲೆ, ಇನ್ನೊಂದು ಮಾತು ಆಡಬಹುದಿತ್ತಲ್ಲ ಎಂದು ಕೊರಗುತ್ತಿದ್ದಳು.

ನಾಲ್ಕನೇ ದಿನ ಪಕ್ಕದ ಮನೆಯ ತೂಡಾ ಅಜ್ಜಿಗೆ ಒಂದು ಬಟ್ಟಲು ಕೊಟ್ಟಳು. ಅಜ್ಜಿ ಬಾಯಿಗಿಟ್ಟವಳೇ ಉಗುಳಿದಳು.

"ಬಿಸ್ಮಿಲ್ಲಾ! ಸಪ್ಪೆ! ಏ ಹುಡುಗಿ, ಉಪ್ಪು ಯಾರಿಗಾಗಲ್ಲ ಹೇಳು?"

ಯಾಮ್ನಾ ಹೆಸರು ಹೇಳಲು ಬಾಯಿ ತೆರೆದಳು. ಜಿನ್ನುಗಳಿಗೆ ಎಡೆ ಇಡುವಾಗ ಉಪ್ಪು ಹಾಕುವುದಿಲ್ಲ, ಅದು ಹಾಲುಗಲ್ಲದ ಮಕ್ಕಳಿಗೂ ಗೊತ್ತು.

"ಅವರ ಹೆಸರೆತ್ತಬೇಡ," ಎಂದು ಪಿಸುಗುಟ್ಟಿದಳು ಅಜ್ಜಿ. "ಬೆಂಕಿ, ನೀರು, ನೆಲದಡಿ. ಅವರಿರೋದೇ ಅಲ್ಲಿ. ನಿಮ್ಮಮ್ಮನ ಜೀವಕ್ಕೆ ನೆಮ್ಮದಿ ಸಿಕ್ಕಿಲ್ಲ ಕಣೇ. ಅವರ ಮನೇಲಿ ದುಡಿದು ನಿನಗೆ ಊಟ ಕಳಿಸ್ತಿದ್ದಾಳೆ."

ಅಯ್ಯೋ, ಆ ಮಾತು ಅವಳನ್ನು ಕೊಂದೇಬಿಟ್ಟಿತು! ಸತ್ತ ಮೇಲೂ ನನಗಾಗಿ ದುಡಿಯುತ್ತಿದ್ದಾಳಾ ನನ್ನಮ್ಮ?

ಅಂದು ಮಡಕೆಗೆ ಎರಡು ಹಿಡಿ ಉಪ್ಪು ಸುರಿದಳು. ಅವರ ಕೆಲಸವಾದರೆ ಇಷ್ಟು ಉಪ್ಪೂ ಉಳಿಯದು, ಅಲ್ಲವಾದರೆ ಕಾಳು ಉಪ್ಪುಪ್ಪಾಗೇ ಬರುತ್ತದೆ. ಕಿಂಡಿಯ ಬಳಿ ಬಗ್ಗಿ ಕೇಳಿದಳು.

"ನನ್ನ ಮಡಕೆ ಯಾರಾದ್ರೂ ಬಿಚ್ತಾರಾ?"

ಒಳಗೆ ಒಲೆಗೆ ಸೌದೆ ಎಸೆದ ಸದ್ದು.

"ಇಲ್ಲ," ಎಂದಿತು ದನಿ.

ಬೆಳಿಗ್ಗೆ ಗಂಟು ಬಿಚ್ಚಿ, ಬೆರಳದ್ದಿ, ನಾಲಿಗೆಗೆ ಇಟ್ಟಳು.

ಸಪ್ಪೆ.

ಅಲ್ಲಿಗೆ ಮುಗಿಯಿತು. ತೂಡಾ ಅಜ್ಜಿ ಮೆಕ್ನೆಸ್ ಪಟ್ಟಣಕ್ಕೆ ಫೋನು ಮಾಡಿಸಿದಳು. ಗುರುವಾರ ಬೆಳಿಗ್ಗೆ ಚಿಕ್ಕಮ್ಮ ಝಹ್ರಾ ಟ್ಯಾಕ್ಸಿ ಹಿಡಿದು ಬಂದೇಬಿಟ್ಟಳು. ಮಗ್ಗ ಬಿಚ್ಚಿ ಟ್ಯಾಕ್ಸಿಯ ಮೇಲೆ ಕಟ್ಟಿದರು. ಹುಟ್ಟಿದ ಮನೆ, ಅಮ್ಮನ ಗೋರಿ, ಆ ದನಿ... ಎಲ್ಲ ಬಿಟ್ಟು ಹೋಗಬೇಕು. ಚಿಕ್ಕಮ್ಮನ ಮನೆಯಲ್ಲಿ ಜೀವನವೆಲ್ಲ ಇನ್ನೊಬ್ಬರ ಹಂಗಿನಲ್ಲಿ.

"ಒಂದು ನಿಮಿಷ ಚಿಕ್ಕಮ್ಮ," ಎಂದು ಯಾಮ್ನಾ ಹಿಮದಲ್ಲಿ ಹಮಾಮಿನತ್ತ ಓಡಿದಳು.

"ನಾನು ಹೋಗ್ತಿದ್ದೀನಿ," ಎಂದಳು ಕಿಂಡಿಗೆ. "ಮೆಕ್ನೆಸ್‌ಗೆ. ಇನ್ನು ಬರಲ್ಲ."

"ಯಾಕೆ?"

"ನನ್ನ ಮಡಕೆಗೆ ಅವರು ಕೈ ಹಾಕ್ತಿದ್ದಾರೆ. ಅಮ್ಮ ನನ್ನಿಂದಾಗಿ ನರಳ್ತಿದ್ದಾಳೆ. ನಾನು ಈ ಊರು ಬಿಟ್ರೆ ಅವಳಿಗೆ ಬಿಡುಗಡೆ."

ಕಿಂಡಿಯಲ್ಲಿ ಉಸಿರಿನ ಸದ್ದೂ ಇಲ್ಲ. ಹಾಗಾದರೆ... ಇಷ್ಟು ದಿನ ಮಾತಾಡಿದ್ದು ಮನುಷ್ಯನೇ ಹೌದಾ?

ಅಷ್ಟರಲ್ಲಿ ಹಿಂದಿನ ಓಣಿಯ ತಗಡಿನ ಬಾಗಿಲು ಕಿರ್ರೆಂದಿತು. ತಲೆಯಿಂದ ಕಾಲಿನವರೆಗೆ ಬೂದಿಯಾದ ಆಕಾರವೊಂದು ಹಿಮದ ಮೇಲೆ ಬಂದು ನಿಂತಿತು. ಕಣ್ಣೆರಡು ಮಾತ್ರ ಕೆಂಪಗೆ ಹೊಳೆಯುತ್ತಿದ್ದವು. ಅವಳು ಗೋಡೆಗೆ ಅಂಟಿ ನಿಂತಳು.

"ನಾನೇ," ಎಂದಿತು ಆಕಾರ. ಅದೇ ದನಿ. "ಬೆನ್ನಾಸರ್. ನಿಮ್ಮ ಮಡಕೆ ಬಿಚ್ಚಿದ್ದು ನಾನೇ."

"ಸುಳ್ಳು. ಗಂಟು ಹಾಗೇ ಇತ್ತು."

"ನಮ್ಮಮ್ಮನೂ ಕಂಬಳಿ ನೇಯ್ದೋಳು. ಆ ಗಂಟು ನಂಗೂ ಬರುತ್ತೆ."

"ಉಪ್ಪು?"

"ಅಮ್ಮಂಗೆ ಬಿಪಿ. ಡಾಕ್ಟ್ರು ಉಪ್ಪು ಬಿಡ್ಸಿ ಆರು ವರ್ಷ ಆಯ್ತು. ನಮ್ಮನೇಲಿ ಒಂದೇ ಮಡಕೆ, ಸಪ್ಪೆ ಮಡಕೆ. ಅಮ್ಮಂಗೆ ತೆಗೆದಿಟ್ಟು, ನನ್ನ ಪಾಲು ನಿಮ್ಮ ಮಡಕೆಗೆ ಹಾಕ್ತಿದ್ದೆ. ನಿಮ್ಮದನ್ನ ನಾನು ಉಣ್ತಿದ್ದೆ."

ಯಾಮ್ನಾಳಿಗೆ ಮೊದಲು ಬಂದದ್ದು ಸಿಟ್ಟು.

"ಭಿಕ್ಷೆನಾ?"

"ಮೊದಲನೇ ದಿನ ಕರುಣೆ, ಸುಳ್ಳು ಯಾಕೆ ಹೇಳ್ಲಿ. ನಿಮ್ಮಮ್ಮ ತರ್ತಿದ್ದ ಮಡಕೆ ಅಷ್ಟು ಹಗುರ ಇರ್ತಿರ್ಲಿಲ್ಲ." ಅವನು ತಲೆ ತಗ್ಗಿಸಿದ. "ಎರಡನೇ ದಿನದಿಂದ ಆಸೆ. ಆ ಬೆಳ್ಳುಳ್ಳಿ, ಆ ಜೀರಿಗೆ... ಬರೀ ನೀರಿಗೂ ಅಷ್ಟು ರುಚಿ ಹೇಗೆ ಬರುತ್ತೋ. ಮಧ್ಯಾಹ್ನ ಆಗೋದನ್ನೇ ಕಾಯ್ತಿದ್ದೆ. ಮಡಕೆಗಲ್ಲ... ನಿಮಗೆ."

"ಕೇಳಿದಾಗ ಇಲ್ಲ ಅಂದ್ರಿ."

"ನಿಮ್ಮ ಊಟ ಕದ್ದು ತಿಂದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಒಪ್ಕೊಂಡ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಮಾರನೇ ದಿನ ಎರಡು ಕೊಡ ನೀರು ಕುಡ್ದೆ. ಅದೇನು ಉಪ್ಪೋ ಮಾರಾಯ್ತಿ, ಪೂರ್ತಿ ಉಂಡೆ."

ನಗು ಬರುವ ಹೊತ್ತಲ್ಲ ಅದು.

"ಅಮ್ಮ ನರಳ್ತಿದ್ದಾಳೆ ಅಂತ ನಾನೆಷ್ಟು ಅತ್ತಿದ್ದೀನಿ ಗೊತ್ತಾ?"

"ಗೊತ್ತಿರ್ಲಿಲ್ಲ. ಗೊತ್ತಿದ್ರೆ ಆವತ್ತೇ ಹೊರಗೆ ಬರ್ತಿದ್ದೆ. ತಪ್ಪಾಯ್ತು."

ಅವನು ನೆಪ ಹೇಳಲಿಲ್ಲ, ಕೈ ಮುಂದೆ ಮಾಡಲಿಲ್ಲ. ಹಿಮದಲ್ಲಿ ಬರಿಗಾಲಲ್ಲಿ ನಿಂತೇ ಇದ್ದ. ಅವಳೊಳಗೆ ಇಷ್ಟು ದಿನದಿಂದ ಗಟ್ಟಿಯಾಗಿದ್ದದ್ದು ಸಡಿಲವಾಯಿತು. ಅಮ್ಮ ನೆಮ್ಮದಿಯಾಗಿದ್ದಾಳೆ. ನಾನು ಎಲ್ಲಿಗೂ ಹೋಗಬೇಕಿಲ್ಲ.

ಬೀದಿ ತುದಿಯಿಂದ ಚಿಕ್ಕಮ್ಮ ಕೂಗಿದಳು. "ಯಾಮ್ನಾ, ಟ್ಯಾಕ್ಸಿಯವನು ಬಯ್ತಿದ್ದಾನೆ ಕಣೇ. ಬರ್ತೀಯೋ ಇಲ್ಲವೋ?"

"ಮಗ್ಗ ಇಳಿಸು ಚಿಕ್ಕಮ್ಮ. ನಾನು ಬರಲ್ಲ."

ಬೆನ್ನಾಸರ್ ಉಸಿರು ಹಿಡಿದು ನೋಡಿದ.

"ನಾಳೆ ಶುಕ್ರವಾರ," ಎಂದಳು ಅವಳು. "ಚಿಕ್ಕಮ್ಮ ಇರ್ತಾಳೆ. ಹಗಲು ಹೊತ್ತು, ಮುಂಬಾಗಿಲಿಂದ, ನಿಮ್ಮಮ್ಮನ್ನ ಕರ್ಕೊಂಡು ಬನ್ನಿ. ಕೇಳೋದನ್ನ ಕ್ರಮವಾಗಿ ಕೇಳಿ."

"ಬರ್ತೀನಿ," ಎಂದ ಅವನು. "ಹೆಣ್ಣು ಕೇಳೋಕೆ ಸಕ್ಕರೆ ಗಟ್ಟಿ ಎಷ್ಟು ತರ್ಲಿ?"

"ಅದೆಲ್ಲ ಆಮೇಲೆ. ಮೊದಲು ಮುಖ ತೊಳ್ಕೊಂಡು ಬಾ. ನಾನಿನ್ನೂ ಸರಿಯಾಗಿ ನೋಡೇ ಇಲ್ಲ."