ಸುಟ್ಟ ಆಂಪ್, ಹಳದಿ ಟೇಪು

ಕಟ್ಟಡದ ಯಜಮಾನರ ಸೊಸೆ ಮೆಟ್ಟಿಲು ಹತ್ತಿ ಬಂದಾಗ ಅವಳಿಗಿಂತ ಮೊದಲು ಮನೆಯೊಳಗೆ ಬಂದದ್ದು ಅವಳ ಬಟ್ಟೆಗೆ ಹತ್ತಿದ್ದ ಸುಟ್ಟ ವಾಸನೆ. ಪೇಪರ್ ಓದುತ್ತಿದ್ದ ತಮ್ಮ ಎದ್ದುಬಿದ್ದು ಅಡುಗೆಮನೆಗೆ ಓಡಿ, ಒಲೆ ಆರಿರುವುದನ್ನು ನೋಡಿ ಪೆಚ್ಚಾಗಿ ವಾಪಸು ಬಂದ. ಅಕ್ಕ ಕುರ್ಚಿಯಿಂದ ಅಲುಗಾಡಿರಲಿಲ್ಲ. ಬೆಂಕಿ ವಿಮೆಯ ಕಂಪನಿಗಾಗಿ ಸುಟ್ಟ ಗೋದಾಮುಗಳನ್ನು ಪರೀಕ್ಷಿಸಿಯೇ ತಲೆ ನರೆಸಿಕೊಂಡ ಹೆಂಗಸು ಅವಳು. ಆ ಕಟ್ಟಡದಲ್ಲಿ ಏನು ಕಳೆದರೂ, ಏನು ಒಡೆದರೂ ಜನ ಮೊದಲು ತಟ್ಟುತ್ತಿದ್ದದ್ದು ಅವಳ ಬಾಗಿಲನ್ನೇ. ಬೂಟು-ಚಪ್ಪಲಿಯ ಅಂಗಡಿ ಮುಚ್ಚಿ ಅಕ್ಕನ ಜೊತೆ ಬಂದು ನೆಲೆಸಿದ್ದ ತಮ್ಮ, ಆ ಬಾಗಿಲು ತೆಗೆಯುವ ಕೆಲಸವನ್ನು ದೊಡ್ಡ ಪದವಿ ಎಂದೇ ತಿಳಿದಿದ್ದ.

"ಕೂತ್ಕೊ," ಎಂದಳು ಅಕ್ಕ. "ಅತ್ತು ಮುಗೀತಾ, ಇನ್ನೂ ಇದ್ಯಾ?"

"ಮುಗೀತು ಅಕ್ಕ. ಆಂಪ್ ಸುಟ್ಟಿದ್ದು ನನ್ನ ರಿಪೇರಿಯಿಂದ ಅಂತಾರೆ ಮಾವ. ಅಂಗಡಿ ಖಾಲಿ ಮಾಡು, ಮನೇನೂ ಬಿಡು ಅಂದ್ರು."

ವಿಷಯ ಅವರಿಬ್ಬರಿಗೂ ಗೊತ್ತಿದ್ದದ್ದೇ. ಕಟ್ಟಡದ ಯಜಮಾನರು ಬೇಸ್ ಗಿಟಾರ್ ನುಡಿಸುವವರು. ಅವರ ಒಬ್ಬನೇ ಮಗ ಹೋದ ವರ್ಷ ತೀರಿಕೊಂಡ. ಅಪ್ಪನ ಗಿಟಾರಿಗೆಂದು ತನ್ನ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಒಂದೇ ಅವನು ಅಪ್ಪನಿಗೆ ಬಿಟ್ಟುಹೋದ ನೆನಪು. ನಿನ್ನೆ ಸಂಜೆ, ನೆಲಮಹಡಿಯ ಹಾಲ್‌ನಲ್ಲಿ, ಅವನ ನೆನಪಿಗಾಗಿ ನಡೆದ ಕಾರ್ಯಕ್ರಮದ ಕೊನೆಯ ಹಾಡಿನ ನಡುವೆ ಆ ಆಂಪ್ ಹೊಗೆಯುಗುಳಿ ಸತ್ತಿತ್ತು. ಅದನ್ನು ಹೊಸ ಬಿಡಿಭಾಗ ಹಾಕಿ ಸಜ್ಜು ಮಾಡಿದ್ದವಳು ಸೊಸೆ; ಗಂಡನ ರಿಪೇರಿ ಅಂಗಡಿಯನ್ನು ಈಗ ನಡೆಸುತ್ತಿದ್ದವಳೂ ಅವಳೇ.

"ತಪ್ಪು ನಂದಾದ್ರೆ ಹೋಗ್ತೀನಿ ಅಕ್ಕ. ಆದ್ರೆ ನಮ್ಮನೆಯವರ ಕೈಕೆಲಸಾನ ನಾನೇ ಸುಟ್ಟುಬಿಟ್ನಾ ಅನ್ನೋದು ಗೊತ್ತಾಗ್ದೆ ನಾನು ಎಲ್ಲಿಗೆ ಹೋದ್ರೂ ನಿದ್ದೆ ಬರಲ್ಲ."

ಅಕ್ಕ ತಮ್ಮನ ಕಡೆ ತಿರುಗಿ, "ನಿನ್ನೆ ನೀನು ಮುಂದಿನ ಸಾಲಲ್ಲೇ ಕೂತಿದ್ಯಲ್ಲ, ಏನು ಕಂಡೆ?" ಎಂದಳು.

"ಯಜಮಾನರು ಬರಿಗಾಲಲ್ಲಿ ನುಡಿಸಿದ್ರು. ಬೂಟು ಕುರ್ಚಿ ಕೆಳಗಿತ್ತು. ಚೆನ್ನಾಗಿ ಪಾಲಿಶ್ ಮಾಡಿದ ಬೂಟು ಅಕ್ಕ, ಕಚ್ಚೋ ಬೂಟೇನಲ್ಲ. ಯಾವಾಗ್ಲೂ ವೇದಿಕೆ ಮುಂದೆ ನಿಲ್ಲೋರು, ನಿನ್ನೆ ಹಿಂದೆ, ಡ್ರಮ್ ಇಡೋ ಮರದ ಕಟ್ಟೆ ಮೇಲೆ ನಿಂತಿದ್ರು."

"ಲೋಕದ ಜನ ಮುಖ ನೋಡ್ತಾರೆ, ನೀನು ಕಾಲು ನೋಡ್ತೀಯ," ಎಂದು ಅಕ್ಕ ಚಪ್ಪಲಿ ಮೆಟ್ಟಿದಳು. ಅದು ಹೊಗಳಿಕೆಯೋ ಮೂದಲಿಕೆಯೋ ತಮ್ಮನಿಗೆ ತಿಳಿಯಲಿಲ್ಲ.

ಹಾಲ್‌ನಲ್ಲಿ ಎಲ್ಲವೂ ನಿನ್ನೆ ಬಿಟ್ಟಂತೆಯೇ ಇತ್ತು. ವೇದಿಕೆಯ ಎಡಕ್ಕೆ ಎರಡು ಸ್ಪೀಕರ್ ಬಾಕ್ಸ್‌ಗಳು, ಅವುಗಳ ಮೇಲೆ ಸುಟ್ಟ ಆಂಪ್. ಯಜಮಾನರು ಅದರ ಎದುರು ಕುರ್ಚಿ ಹಾಕಿಕೊಂಡು ಹೆಣ ಕಾಯುವವರಂತೆ ಕೂತಿದ್ದರು. ಹಿಂದೆ, ಮೊಣಕಾಲೆತ್ತರದ ಕಟ್ಟೆಯ ಮೇಲೆ, ಅವರ ಬಾಲ್ಯದ ಗೆಳೆಯ ಡ್ರಮ್ ಮೇಷ್ಟ್ರು ತಮ್ಮ ವಾದ್ಯ ಬಿಚ್ಚುತ್ತಿದ್ದರು. ಚರ್ಮದ ದನಿ ಅತಿಯಾಗಿ ಕಂಪಿಸದಿರಲೆಂದು ಅವರು ಡ್ರಮ್ಮಿನ ಅಂಚಿಗೆ ಅಂಟಿಸಿದ್ದ ಟೇಪಿನ ತುಂಡುಗಳು ಕರಿದು, ಬಿಳಿದು, ಹಳದಿ ಎಂದು ಭಿಕಾರಿಯ ಅಂಗಿಯ ತೇಪೆಗಳ ಹಾಗಿದ್ದವು. ಕೈಗೆ ಸಿಕ್ಕ ಯಾವ ಟೇಪನ್ನೂ ಎಸೆಯದ ಜಿಪುಣ ಎಂದು ಅವರನ್ನು ಎಲ್ಲರೂ ಗೇಲಿ ಮಾಡುವುದಿತ್ತು.

ಹಾಲ್ ಮ್ಯಾನೇಜರ್ ಓಡಿಬಂದ. "ನಮ್ಮ ಕರೆಂಟಲ್ಲಿ ಏನೂ ದೋಷ ಇಲ್ಲಮ್ಮ. ದೀಪ ಒಂದ್ಸಲಾನೂ ಮಿಣುಕಲಿಲ್ಲ. ಹಾಲ್‌ನದ್ದೇ ಹೊಸ ಆಂಪ್ ಕೊಡ್ತೀನಿ ಅಂದೆ, ಬೇಡ ಅಂದ್ರು."

"ದೀಪ ಮಿಣುಕಲಿಲ್ಲ, ಹೌದು," ಎಂದು ತಮ್ಮ ಸಾಕ್ಷಿ ಹೇಳಿದ.

ಅಕ್ಕ ಯಜಮಾನರ ಬೆನ್ನ ಹಿಂದೆ ನಿಂತು, "ಮಧ್ಯಾಹ್ನದ ರಿಹರ್ಸಲ್‌ನಲ್ಲಿ ಆಂಪ್ ಹೇಗಿತ್ತು?" ಎಂದು ಕೇಳಿದಳು. ಯಜಮಾನರು ತಿರುಗಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡ ತಮ್ಮ. ಅಕ್ಕ ಮುಂದೆ ಬಂದು ಅದನ್ನೇ ಕೇಳಿದಾಗ ಅವರು ಅವಳ ತುಟಿಯನ್ನೇ ನೋಡುತ್ತ, "ಚೆನ್ನಾಗಿತ್ತು, ಮುಟ್ಟಿದ್ರೆ ಬೆಚ್ಚಗಿತ್ತು ಅಷ್ಟೆ," ಎಂದರು. "ಸಂಜೆಗೆ ಸತ್ತುಹೋಯ್ತು. ಎರಡನೇ ಸಲ ಮಗನ್ನ ಕಳ್ಕೊಂಡೆ."

ಸೊಸೆ ಮುಖ ತಿರುಗಿಸಿಕೊಂಡಳು.

ಅಕ್ಕ ಅವಳನ್ನು ಬಾಕ್ಸ್‌ಗಳ ಹಿಂದಕ್ಕೆ ಕರೆದಳು. "ಇದು ಹೇಗೆ ಕೆಲಸ ಮಾಡುತ್ತೆ, ನನ್ನ ತಮ್ಮನಿಗೂ ಅರ್ಥ ಆಗೋ ಹಾಗೆ ಹೇಳು."

"ಪ್ರತಿ ಬಾಕ್ಸಿಗೂ ಒಂದು ತಡೆ ಇರುತ್ತೆ, ಇಂಪೀಡೆನ್ಸ್ ಅಂತ. ಇವೆರಡೂ ಎಂಟೆಂಟು ಓಮ್."

"ಸೇರಿದ್ರೆ ಹದಿನಾರು," ಎಂದ ತಮ್ಮ, ಲೆಕ್ಕದಲ್ಲಿ ತಾನೇನು ಕಮ್ಮಿ ಎಂಬಂತೆ.

"ಅಲ್ಲ ಅಣ್ಣ. ಹೀಗೆ ಒಂದರಿಂದ ಇನ್ನೊಂದಕ್ಕೆ ವೈರ್ ಕೊಟ್ರೆ ನಾಲ್ಕು. ಟ್ಯಾಂಕಿಗೆ ಎರಡನೇ ನಲ್ಲಿ ಹಾಕಿದ್ರೆ ನೀರಿಗೆ ದಾರಿ ಜಾಸ್ತಿ ಆಗುತ್ತೆ, ತಡೆ ಅರ್ಧ ಆಗುತ್ತೆ. ನಾಲ್ಕು ಓಮ್‌ವರೆಗೆ ಈ ಆಂಪ್ ತಾಳುತ್ತೆ. ಅದಕ್ಕಿಂತ ಕೆಳಗಿಳಿದ್ರೆ ಕರೆಂಟ್ ನುಗ್ಗುತ್ತೆ, ಕಾಯುತ್ತೆ, ಸುಡುತ್ತೆ. ಬಿಸಿಯಾದ್ರೆ ತಾನೇ ಆಫ್ ಆಗೋ ವ್ಯವಸ್ಥೆ ಇದರಲ್ಲಿಲ್ಲ. ನಮ್ಮನೆಯವರು ಆಮೇಲೆ ಹಾಕ್ತೀನಿ ಅಂದಿದ್ರು…"

"ಎರಡನೇ ಬಾಕ್ಸಿನ ಹಿಂದೆ ವೈರ್ ಸಿಕ್ಕಿಸೋ ಇನ್ನೊಂದು ತೂತಿದೆಯಲ್ಲ?"

"ಖಾಲಿ ತೂತು ಕಂಡ್ರೆ ವಾದ್ಯದವರ ಕೈ ಸುಮ್ನಿರಲ್ಲ ಅಕ್ಕ. ಅದಕ್ಕೇ ನಾನು ಯಾವಾಗ್ಲೂ ಅದರ ಮೇಲೆ ಟೇಪ್…" ಸೊಸೆ ಬಗ್ಗಿ ನೋಡಿ ತಡವರಿಸಿದಳು. ಟೇಪ್ ಇರಲಿಲ್ಲ. ಅಂಟಿನ ಚೌಕಾಕಾರದ ಗುರುತು ಮಾತ್ರ ಉಳಿದಿತ್ತು.

ಅಕ್ಕ ಏನೂ ಹೇಳದೆ ಕಟ್ಟೆಯ ಸುತ್ತ ಇಳಿಬಿಟ್ಟ ಬಟ್ಟೆಯನ್ನು ಎತ್ತಿ ತಮ್ಮನಿಗೆ ಸನ್ನೆ ಮಾಡಿದಳು. ಅವನು ಉಸ್ಸೆನ್ನುತ್ತ ಮೊಣಕಾಲೂರಿ ಟಾರ್ಚ್ ಹಾಯಿಸಿದ. ಕೆಳಗೆಲ್ಲ ದಪ್ಪ ಧೂಳು. ನಡುವೆ ಮಾತ್ರ ಒಂದು ಅಗಲವಾದ ಜಾಗ, ಯಾರೋ ಅಳೆದು ಗುಡಿಸಿದಂತೆ ಚೊಕ್ಕಟ. ಅದರ ನಾಲ್ಕು ಮೂಲೆಗಳಲ್ಲಿ ದುಂಡನೆಯ ರಬ್ಬರ್ ಕಾಲುಗಳ ಗುರುತು.

"ಎಲ್ಲರೂ ಕೂತ್ಕೊಳಿ," ಎಂದಳು ಅಕ್ಕ. "ನನ್ನ ಮುಖ ಕಾಣೋ ಹಾಗೆ ಕೂತ್ಕೊಳಿ."

ಮ್ಯಾನೇಜರ್ ಕುರ್ಚಿಗಳನ್ನು ಎಳೆದು ತಂದ. ಡ್ರಮ್ ಮೇಷ್ಟ್ರು ಕೋಲುಗಳನ್ನು ಕೈಯಲ್ಲೇ ಹಿಡಿದು ಕೂತರು. ಸೊಸೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಅಕ್ಕ ಇಂಥ ಹೊತ್ತಿನಲ್ಲಿ ಹಗುರಾಗಿ ಮಾತು ಶುರುಮಾಡುವವಳು. ಅಂದು ಅವಳ ದನಿ ಭಾರವಾಗಿತ್ತು.

"ರಿಪೇರಿ ಕೆಟ್ಟಿದ್ರೆ ಆಂಪ್ ರಿಹರ್ಸಲ್‌ನಲ್ಲೇ ಕೈ ಕೊಡಬೇಕಿತ್ತು. ಕೊಡಲಿಲ್ಲ, ಬೆಚ್ಚಗಿತ್ತು ಅಷ್ಟೆ. ಗೋಡೆಯ ಕರೆಂಟೂ ಸರಿಯಾಗಿತ್ತು. ಹಾಗಾದ್ರೆ ರಿಹರ್ಸಲ್‌ಗೂ ಸಂಜೆಗೂ ನಡುವೆ ಬದಲಾಗಿದ್ದು ಅದು ಹೊರೋ ಭಾರ. ಯಾರೋ ಟೇಪ್ ಕಿತ್ತು, ಆ ತೂತಿಂದ ವೈರ್ ಎಳೆದು, ಮೂರನೇ ಬಾಕ್ಸ್ ಸೇರಿಸಿದ್ರು. ತಡೆ ಮೂರು ಓಮ್‌ಗಿಂತ ಕೆಳಗಿಳೀತು. ಆದ್ರೂ ಪಾಪ, ಕೊನೇ ಹಾಡಿನವರೆಗೂ ಎಳ್ಕೊಂಡು ಬಂತು. ಮಗ ಗಟ್ಟಿಯಾಗೇ ಕಟ್ಟಿದ್ದ. ಆ ಬಾಕ್ಸ್ ಇದ್ದದ್ದು ಈ ಕಟ್ಟೆ ಕೆಳಗೆ."

"ಯಾರು?" ಯಜಮಾನರು ಎದ್ದೇಬಿಟ್ಟರು.

"ಕಿತ್ತ ಟೇಪು ಎಲ್ಲಿಗೆ ಹೋಯ್ತು ಅಂತ ಹುಡುಕಿದೆ. ಮೇಷ್ಟ್ರೇ, ನೀವು ಕಪ್ಪು, ಬಿಳಿ ಟೇಪ್ ತರೋದು ನಂಗೊತ್ತು. ನಿಮ್ಮ ಡ್ರಮ್ಮಿನ ಮೇಲಿರೋ ಹಳದಿ ತುಂಡು ಯಾರದು?"

"ನಂದು," ಎಂದಳು ಸೊಸೆ, ಗೋಡೆಯ ಬಳಿಯಿಂದ. "ಆ ಹಳದಿ ಟೇಪ್ ನನ್ನ ಅಂಗಡೀಲಿ ಮಾತ್ರ ಇರೋದು."

ಡ್ರಮ್ ಮೇಷ್ಟ್ರ ಮುಖ ಬಿಳುಚಿತು. ಆದರೆ ಅದು ಸಿಕ್ಕಿಬಿದ್ದ ಕಳ್ಳನ ಮುಖವಲ್ಲ, ದಾರಿ ತಪ್ಪಿದ ಮಗುವಿನ ಮುಖ ಎಂದು ತಮ್ಮನಿಗೆ ತೋರಿತು.

"ಬಾಕ್ಸ್ ಇಟ್ಟಿದ್ದು ನಾನೇ," ಎಂದರು. "ಆದ್ರೆ ಅದರಿಂದ ಹೇಗೆ ಸುಡುತ್ತೆ? ನಾಲ್ಕಕ್ಕಿಂತ ಕಮ್ಮಿ ಆಗಬಾರದು ಅಂತ ಹುಡುಗ ಯಾವಾಗ್ಲೂ ಹೇಳ್ತಿದ್ದ. ನಂದೂ ಎಂಟರ ಬಾಕ್ಸೇ. ಎಂಟು, ಎಂಟು, ಎಂಟು ಸೇರಿ ಇಪ್ಪತ್ನಾಲ್ಕಾಯ್ತಲ್ಲ, ಇನ್ನೂ ಒಳ್ಳೇದೇ ಅಂದ್ಕೊಂಡೆ. ಈ ಹುಡುಗೀದೇ ರಿಪೇರೀಲಿ ಏನೋ ತಪ್ಪಿರಬೇಕು ಅಂತ ಸುಮ್ಮನಾದೆ…" ಕೋಲುಗಳು ಕೈಜಾರಿ ನೆಲಕ್ಕೆ ಬಿದ್ದವು. "ಅಯ್ಯೋ, ನಾನೇ ಸುಟ್ಟೆನಾ?"

ಹದಿನಾರು ಎಂದು ತಾನೇ ಹೇಳಿದ್ದು ನೆನಪಾಗಿ ತಮ್ಮ ತಲೆ ತಗ್ಗಿಸಿದ.

"ಹೊಗೆ ಬಂದ ಗಲಾಟೆಯಲ್ಲಿ ಆ ಬಾಕ್ಸ್ ಎಳ್ಕೊಂಡು ಹೋಗಿ ಬಚ್ಚಿಟ್ರಿ. ತಪ್ಪು ಮುಚ್ಚೋಕಲ್ಲ, ಯಾಕಂದ್ರೆ ತಪ್ಪು ಅಂತಾನೇ ನಿಮಗೆ ಗೊತ್ತಿರಲಿಲ್ಲ. ಮತ್ಯಾಕೆ?" ಎಂದಳು ಅಕ್ಕ.

ಮೇಷ್ಟ್ರು ಯಜಮಾನರ ಮುಖ ನೋಡಿದರು. ಅಕ್ಕ ಒತ್ತಾಯಿಸಲಿಲ್ಲ. ಅವಳಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಬೇಕಾದವಳು ತಾನಲ್ಲ ಎಂಬಂತೆ ಯಜಮಾನರ ಕಾಲಿನ ಕಡೆ ನೋಡಿದಳು.

"ಬೂಟು ಯಾಕೆ ಬಿಚ್ಚಿದ್ರಿ, ಯಜಮಾನರೇ?"

ಯಜಮಾನರು ಮೆಲ್ಲನೆ ಕೂತರು.

"ನಂಗೆ ಕಿವಿ ಕೇಳಿಸಲ್ಲ," ಎಂದರು. "ಮಗ ಹೋದಮೇಲೆ ಪೂರ್ತಿನೇ ಹೋಯ್ತು. ಇವನೊಬ್ಬನಿಗೆ ಹೇಳಿದ್ದೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಕೇಳಿಸದೆ ಇರೋನು ಏನು ನುಡಿಸ್ತಾನೆ ಅಂತ ಜನ ಅಂದ್ರೆ? ಮಗ ಮಾಡಿಕೊಟ್ಟ ದನೀನ ಒಂದ್ಸಲ ತಿಳ್ಕೋಬೇಕು ಕಣೋ ಅಂತ ಇವನ ಮುಂದೆ ಅತ್ತುಬಿಟ್ಟೆ. ಬರಿಗಾಲಲ್ಲಿ ನನ್ನ ಕಟ್ಟೆ ಮೇಲೆ ನಿಂತ್ಕೊ, ಸಿಗುತ್ತೆ ಅಂದ. ಸಿಕ್ತು. ಅಂಗಾಲಿಂದ ಎದೆವರೆಗೂ ಬಂತು. ಎಲ್ಲಿಂದ ಬಂತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಗುಟ್ಟು ಕಾಯೋಕೆ ಇವನು ಆ ಬಾಕ್ಸ್ ಬಚ್ಚಿಟ್ಟ, ನಾನು ಹೊಗೆ ಬಂದ ತಕ್ಷಣ ಇವಳ ಮೇಲೆ ಹರಿಹಾಯ್ದೆ."

ತಮ್ಮ ಕಣ್ಣೊರೆಸಿಕೊಂಡ. ಧೂಳು ಬಿದ್ದಿದೆ ಎಂದು ಯಾರಿಗೋ ಹೇಳಿಯೂ ಹೇಳಿದ; ಯಾರೂ ಕೇಳಿಸಿಕೊಳ್ಳಲಿಲ್ಲ.

ಸೊಸೆ ಗೋಡೆ ಬಿಟ್ಟು ಬಂದು ಮಾವನ ಎದುರು ಕೂತಳು. "ನನಗೆ ಹೇಳಬಾರದಿತ್ತಾ ಮಾವ?" ಎಂದಳು, ತುಟಿ ಕಾಣುವಂತೆ, ನಿಧಾನವಾಗಿ.

"ನಿನ್ನ ಮುಖ ನೋಡಿದ್ರೆ ಅವನೇ ನೆನಪಾಗ್ತಾನೆ. ಅದಕ್ಕೇ ನಿನ್ನ ಹತ್ರ ಯಾವುದೂ ಹೇಳಕ್ಕಾಗಲಿಲ್ಲ."

ಅವಳು ಎದ್ದು ಆಂಪಿನ ಮುಚ್ಚಳ ತೆಗೆದು ಒಳಗೆ ನೋಡಿದಳು. ಸುಟ್ಟದ್ದು ಸ್ಪೀಕರಿಗೆ ಕರೆಂಟ್ ಕಳಿಸುವ ಕೊನೆಯ ಟ್ರಾನ್ಸಿಸ್ಟರ್‌ಗಳು ಮಾತ್ರ. ಗಂಡ ಕೈಯಲ್ಲಿ ಸುತ್ತಿದ ಟ್ರಾನ್ಸ್‌ಫಾರ್ಮರ್, ಅವನು ಬೆಸೆದ ಬೋರ್ಡು ಹಾಗೇ ಇದ್ದವು. "ಇದು ಬದುಕುತ್ತೆ," ಎಂದಳು.

ವಾರ ಕಳೆಯುವುದರೊಳಗೆ ಅವರೆಲ್ಲ ಅದೇ ಹಾಲ್‌ನಲ್ಲಿ ಮತ್ತೆ ಸೇರಿದರು. ಬಿಸಿಯಾದರೆ ತಾನೇ ನಿಲ್ಲುವ ಏರ್ಪಾಡನ್ನೂ ಸೊಸೆ ಈ ಸಲ ಆಂಪಿಗೆ ಸೇರಿಸಿದ್ದಳು. ಬಾಕ್ಸ್‌ಗಳು ಎರಡೇ: ಒಂದು ವೇದಿಕೆಯ ಮೇಲೆ, ಇನ್ನೊಂದು ಕಟ್ಟೆಯ ಕೆಳಗೆ. ಎಂಟು, ಎಂಟು, ಸೇರಿ ನಾಲ್ಕು. ತಮ್ಮ ಬೆರಳು ಮಡಚಿ ಲೆಕ್ಕ ಹಾಕಿ ಮೇಷ್ಟ್ರಿಗೆ ಪಾಠ ಹೇಳುತ್ತಿದ್ದ. ಸೊಸೆ ಕಟ್ಟೆಯ ಕೆಳಗೆ ತೂರಿ ವೈರ್ ಸಿಕ್ಕಿಸಿ, ಖಾಲಿ ಉಳಿದ ತೂತಿಗೆ ಅಂಟಿಸಲು ಟೇಪಿಗಾಗಿ ಕೈ ಹೊರಗೆ ಚಾಚಿದಳು.

ಬರಿಗಾಲಲ್ಲಿ ನಿಂತಿದ್ದ ಯಜಮಾನರು ಗಿಟಾರ್ ಕೆಳಗಿಟ್ಟರು. ಹಳದಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ಕಷ್ಟಪಟ್ಟು ಬಗ್ಗಿ, "ಸರಿ, ನಾನೇ ಹಾಕ್ತೀನಿ," ಎಂದು ಸೊಸೆಯ ಪಕ್ಕದಲ್ಲಿ ಧೂಳಿನಲ್ಲೇ ಮಂಡಿಯೂರಿದರು.